ಡಾಕ್ಟರಕ್ಕ ಓಡದೆ ಬಿಟ್ಟ ದಾರಿ

ಹೋದ ತಿಂಗಳು ಡಾಕ್ಟರಕ್ಕ ತೀರಿಕೊಂಡರು. ಸುದ್ದಿ ಬಂದದ್ದೇ ತಡ, ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲು ಶುರುವಾಯಿತು. ಅದರ ನಡುವೆ ಯಾರೋ ಪುಣ್ಯಾತ್ಮರು ಒಂದು ಪೋಸ್ಟರು ಮಾಡಿ ಹಾಕಿದರು. ಗುಲಾಬಿ ಹೂವು, ದೀಪ, ಅಕ್ಕನ ಹಳೆಯ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, "ಮರುಭೂಮಿ ಪಾರ್ಕಿನ ಎಲ್ಲ ದಾರಿಗಳನ್ನೂ ಒಂದೇ ದಿನದಲ್ಲಿ ಓಡಿ ಮುಗಿಸಿದ ಸಾಧಕಿ."

ಎಲ್ಲ ದಾರಿಗಳನ್ನೂ ಅಲ್ಲ. ಒಂದನ್ನು ಬಿಟ್ಟಿದ್ದರು.

ಗುಂಪಿನಲ್ಲಿ ತಿದ್ದಲು ಹೋಗಲಿಲ್ಲ. ಸತ್ತವರ ಪೋಸ್ಟರಿನಲ್ಲೂ ತಪ್ಪು ಹುಡುಕುತ್ತಾಳೆ ಇವಳು ಎಂದು ಬೈಸಿಕೊಳ್ಳುವುದು ಯಾರಿಗೆ ಬೇಕು? ಆದರೆ ಅಕ್ಕ ಬದುಕಿದ್ದರೆ ಅವರೇ ಮೊದಲು ತಿದ್ದುತ್ತಿದ್ದರು. ಅದಕ್ಕೇ ಇಲ್ಲಿ, ನನ್ನ ಪುಟದಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ಪುರುಸೊತ್ತಿಲ್ಲದವರು ಮುಂದಿನ ಪೋಸ್ಟಿಗೆ ಹೋಗಿ, ನನಗೇನೂ ಬೇಜಾರಿಲ್ಲ.

ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ಅವರದು ನಮ್ಮ ಮನೆಯಿಂದ ಮೂರನೆಯ ಮನೆ. ಗಂಡ, ಹೆಂಡತಿ ಇಬ್ಬರೂ ಉಡುಪಿ ಕಡೆಯವರು. ಅವರವರೊಳಗೆ ತುಳು, ನಮ್ಮ ಹತ್ತಿರ ಕನ್ನಡ. ಅಕ್ಕ ರೇಡಿಯಾಲಜಿಸ್ಟ್. ಅಂದರೆ ಎಕ್ಸ್‌ರೇ, ಸ್ಕ್ಯಾನುಗಳನ್ನು ನೋಡಿ ಒಳಗೆ ಏನಿದೆ, ಏನಿಲ್ಲ ಎಂದು ರಿಪೋರ್ಟು ಬರೆಯುವ ಡಾಕ್ಟರು. ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯ ಕನ್ನಡದವರಿಗೆಲ್ಲ ಅವರು ಡಾಕ್ಟರಕ್ಕ, ಅಷ್ಟು ಸಾಕು.

ನಮ್ಮ ಗೃಹಪ್ರವೇಶದ ದಿನ ಅವರನ್ನು ಮೊದಲು ನೋಡಿದ್ದು. ಬಂದವರೆಲ್ಲ ಅಡುಗೆಮನೆಯ ಹೊಸ ಗ್ರಾನೈಟನ್ನು ಸವರಿ ಹೊಗಳುತ್ತಿದ್ದರು. ಈ ಹೆಂಗಸು ಮಾತ್ರ ಹಾಲಿನ ಮೂಲೆಯಲ್ಲಿ ನಿಂತು ತಲೆಯೆತ್ತಿ ಚಾವಣಿ ನೋಡುತ್ತಿದ್ದರು. ಗಿಡ್ಡ ಆಕೃತಿ, ಬಿಗಿಯಾಗಿ ಕಟ್ಟಿದ ತುರುಬು, ರೇಷ್ಮೆ ಸೀರೆಗೆ ಓಟದ ಬೂಟು.

"ಎಂತ ಮಾರಾಯ್ತಿ, ನಿನ್ನ ಸ್ಮೋಕ್ ಅಲಾರಮಿಗೆ ಬ್ಯಾಟರಿಯೇ ಇಲ್ಲ. ಈಗ ಹೋಮದ ಹೊಗೆ ಹಾಕಿದ್ರೂ ಕೂಗ್ಲಿಲ್ಲ, ನಾಳೆ ಬೆಂಕಿ ಬಿದ್ರೂ ಕೂಗುದಿಲ್ಲ."

ಪರಿಚಯವಿಲ್ಲ, ಹೆಸರು ಕೇಳಿಲ್ಲ, ನೇರ ಬೈಗುಳ. ನನಗೂ ಬಾಯಿ ಸುಮ್ಮನಿರುವುದಿಲ್ಲ.

"ಗ್ರಾನೈಟ್ ನೋಡ್ಲಿಲ್ವಾ ನೀವು?" ಎಂದೆ.

"ಅದನ್ನು ನೋಡ್ಲಿಕ್ಕೆ ಅಷ್ಟು ಜನ ಇದ್ದಾರಲ್ಲ."

ಅದು ಅವರ ಕೆಲಸದ ರೀತಿ ಎಂದು ಆಮೇಲೆ ಗೊತ್ತಾಯಿತು. ಎದೆಯ ಎಕ್ಸ್‌ರೇ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೃದಯಕ್ಕೆ, ಶ್ವಾಸಕೋಶಕ್ಕೆ ಹೋಗುತ್ತದೆ. ಅಕ್ಕ ನಾಲ್ಕು ಮೂಲೆಗಳಿಂದ ಶುರು ಮಾಡುತ್ತಿದ್ದರು. ಭುಜದ ತುದಿ, ಕತ್ತಿನ ಬುಡ, ಪಕ್ಕೆಯ ಕೊನೆ. "ನಡುವೆ ಇರುದು ಎಲ್ಲಿಗೂ ಓಡಿ ಹೋಗುದಿಲ್ಲ. ಒಮ್ಮೆ ಅದನ್ನು ನೋಡಿದ್ರೆ ಮತ್ತೆ ಕಣ್ಣು ಮೂಲೆಗೆ ಹೋಗ್ಲಿಕ್ಕೆ ಒಪ್ಪುದಿಲ್ಲ" ಎನ್ನುತ್ತಿದ್ದರು. ಲಿವರ್‌ಮೋರ್ ದೇವಸ್ಥಾನಕ್ಕೆ ಹೋದರೂ ಅದೇ. ಮೊದಲು ಹಿಂದುಗಡೆಯ ಸಣ್ಣ ಗುಡಿಗಳು, ಕೊನೆಗೆ ನಡುವಿನ ದೇವರು. ಅಷ್ಟರಲ್ಲಿ ಮಂಗಳಾರತಿ ಮುಗಿದಿರುತ್ತಿತ್ತು. ನಾನು ಗೊಣಗಿದರೆ, "ದೇವರು ಅಲ್ಲೇ ಇದ್ದಾನಲ್ಲ ಮಾರಾಯ್ತಿ, ಆರತಿ ಮಾತ್ರ ಹೋದದ್ದು" ಎನ್ನುವರು.

ನಮ್ಮ ಜನರ ಒಂದು ಕೆಟ್ಟ ಚಾಳಿ ನಿಮಗೆಲ್ಲ ಗೊತ್ತಿದೆ. ಪಾರ್ಟಿಯಲ್ಲಿ ಒಬ್ಬ ಡಾಕ್ಟರು ಸಿಕ್ಕರೆ ಸಾಕು, ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕಾಯಿಲೆ ಶುರು. ಒಂದು ಸೀಮಂತದಲ್ಲಿ ಒಬ್ಬ ಮಹಾಶಯ ತನ್ನ ಮಂಡಿಯ ಎಕ್ಸ್‌ರೇಯನ್ನು ಫೋನಿನಲ್ಲಿ ತೆರೆದು ಅಕ್ಕನ ಕೋಸಂಬರಿಯ ಮೇಲೆ ಹಿಡಿದ.

"ಜಸ್ಟ್ ಒಂದ್ ಸಲ ನೋಡಿ ಮೇಡಂ, ಏನಾದ್ರೂ ಸೀರಿಯಸ್ಸಾ?"

"ಇದು ಒಂದು ಪಟ. ಉಳಿದದ್ದು ಎಲ್ಲಿ?"

"ಉಳಿದಿದ್ದು ಮನೇಲಿದೆ. ಇದೇ ಮೇನು ಅಂದ್ರು."

"ಯಾರು ಹೇಳಿದ್ದು ಮೇನು ಅಂತ? ಪೂರ್ತಿ ತಗೊಂಡು ಬನ್ನಿ. ಅರ್ಧ ನೋಡಿ ಹೇಳಿದ್ರೆ ಅದು ಜ್ಯೋತಿಷ್ಯ."

ಅವನಿಗೆ ಅವಮಾನವಾಯಿತು, ಊಟ ಮಾಡದೆ ಹೋದ. ಮರುದಿನ ಅಕ್ಕ ತಾವೇ ಅವನ ಮನೆಗೆ ಹೋಗಿ, ಅಷ್ಟೂ ಪಟಗಳನ್ನು ಮಧ್ಯಾಹ್ನವಿಡೀ ಕೂತು ನೋಡಿ ಬಂದರು. ಮಂಡಿಗೆ ಏನೂ ಆಗಿರಲಿಲ್ಲವಂತೆ. "ಮತ್ತೆ ಅಷ್ಟು ಹೊತ್ತು ಯಾಕೆ ಕೂತ್ರಿ?" ಎಂದು ಕೇಳಿದೆ. ಪೆದ್ದ ಪ್ರಶ್ನೆಗಳಿಗೆ ಅವರು ಉತ್ತರ ಕೊಡುತ್ತಿರಲಿಲ್ಲ.

ಗಂಡನನ್ನು ನಾವು ರಾಯರು ಎನ್ನುತ್ತಿದ್ದೆವು. ನಿವೃತ್ತ ಸಿವಿಲ್ ಎಂಜಿನಿಯರು, ಅಕ್ಕನ ಪೂರ್ತಿ ಉಲ್ಟಾ. ನಗುಮುಖ, ಮಾತು ಜಾಸ್ತಿ, ಕಂಡದ್ದನ್ನೆಲ್ಲ ಮುಟ್ಟಿ ನೋಡುವ ಮನುಷ್ಯ. ಅವರಿಗೆ ಮರುಭೂಮಿ ಎಂದರೆ ಪ್ರಾಣ. ಯಾಕೆ ಎಂದು ಕೇಳಿದರೆ, "ಅಲ್ಲಿ ಬಟ್ಟೆ ಒಣಗ್ತದೆ ನೋಡಿ! ಹಿಂಡಿ ಹಾಕಿ ತಿರುಗುವಾಗ ಒಣಗಿರ್ತದೆ!" ಎಂದು ಕಣ್ಣರಳಿಸುತ್ತಿದ್ದರು. ಕರಾವಳಿಯಲ್ಲಿ ಬೆಳೆದವನಿಗೆ ಅದೇ ಸ್ವರ್ಗವಿರಬೇಕು. ಲಾಸ್ ಏಂಜಲೀಸ್ ದಾಟಿ ಆಚೆ ಒಂದು ಸಣ್ಣ ಮರುಭೂಮಿ ಪಾರ್ಕು ಅವರಿಬ್ಬರಿಗೂ ಗಂಟುಬಿದ್ದಿತ್ತು. ಪಾರ್ಕಿನ ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಲಾಂಗ್ ವೀಕೆಂಡಿಗೆ ನೀವೆಲ್ಲ ಪುಳಿಯೋಗರೆ ಡಬ್ಬ ಕಟ್ಟಿಕೊಂಡು ಸಾಲುಗಟ್ಟಿ ಹೋಗುತ್ತೀರಿ. ಪ್ರತಿ ಚಳಿಗಾಲ ಇಬ್ಬರೂ ಅಲ್ಲಿಗೆ ಹೋಗಿ ಒಂದೋ ಎರಡೋ ದಾರಿ ನಡೆದು ಬರುವುದು ರೂಢಿ. ಪಾರ್ಕಿನ ಅಷ್ಟೂ ದಾರಿ ಮುಗಿಸಬೇಕು ಎಂಬುದು ರಾಯರ ಆಸೆ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎಂಬುದು ಅಕ್ಕನ ತೀರ್ಮಾನ. ಅಂಚಿನ ದಾರಿಗಳು ಮೊದಲು. ಎಲ್ಲ ಪ್ರವಾಸಿಗರೂ ಹೋಗುವ, ಕಣಿವೆಯೊಳಗಿನ ನೀರಿನ ಒರತೆಗೆ ಹೋಗುವ ನಡುವಿನ ದಾರಿ ಕಟ್ಟಕಡೆಗೆ.

ಒಂದಷ್ಟು ದಾರಿ ಮುಗಿಯುವಷ್ಟರಲ್ಲಿ ರಾಯರ ಕಿಡ್ನಿಗಳು ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂರಿಸಿ, ಮೈಯ ರಕ್ತವನ್ನೆಲ್ಲ ಮೆಷಿನ್ನಿನಲ್ಲಿ ತೊಳೆದು ವಾಪಸ್ ಕೊಡುತ್ತಾರೆ. ಕುಡಿಯುವ ನೀರಿಗೆ ಅಳತೆ. ಬಾಳೆಹಣ್ಣು, ಕಿತ್ತಳೆ, ಟೊಮೆಟೊ ಬಂದ್. ಅವುಗಳಲ್ಲಿರುವ ಪೊಟ್ಯಾಷಿಯಂ ಕೆಟ್ಟ ಕಿಡ್ನಿಯವರ ರಕ್ತದಲ್ಲಿ ಉಳಿದುಬಿಡುತ್ತದೆ, ಹೆಚ್ಚಾದರೆ ಹೃದಯವನ್ನೇ ನಿಲ್ಲಿಸುತ್ತದೆ.

ಅಕ್ಕ ಓಡಲು ಶುರು ಮಾಡಿದ್ದು ಆಗಲೇ. ರಾಯರು ಒಳಗೆ ಕುರ್ಚಿಯಲ್ಲಿರುವಾಗ ಹೊರಗೆ ಸುಮ್ಮನೆ ಕೂರುವುದು ಅವರಿಂದ ಆಗಲಿಲ್ಲ. ಮೊದಲು ಪಾರ್ಕಿಂಗ್ ಲಾಟಿನ ಸುತ್ತ ನಡೆದರು. ಆಮೇಲೆ ಕೊಲ್ಲಿಯಂಚಿನ ಉಪ್ಪಿನ ಕೊಳಗಳ ಏರಿಯ ಮೇಲೆ ಓಡತೊಡಗಿದರು. ಓಟ ಎಂದರೆ ದೊಡ್ಡ ಓಟವೇನಲ್ಲ. ಬಸ್ಸು ತಪ್ಪಿಹೋಗುತ್ತದೆ ಎಂದು ಬೇಗ ಬೇಗ ಹೆಜ್ಜೆ ಹಾಕುತ್ತಾರಲ್ಲ, ಹಾಗೆ. ಆದರೆ ಆ ಹೆಜ್ಜೆ ನಿಲ್ಲುತ್ತಿರಲಿಲ್ಲ. ಬಾಟಲಿಯಲ್ಲಿ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ. ನಮ್ಮ ಟೆಕ್ ಹುಡುಗರು ಮೂರು ಡಾಲರಿನ ಜೆಲ್ ಹಿಂಡಿಕೊಂಡು ಸುಸ್ತಾಗಿ ಕೂರುವಾಗ, ಐವತ್ತು ದಾಟಿದ ಈ ಹೆಂಗಸು ಗಂಜಿ ಹೀರುತ್ತಾ ಅವರನ್ನು ದಾಟಿ ಹೋಗುತ್ತಿದ್ದರು.

ಒಂದು ಚಳಿಗಾಲ ಕಿಡ್ನಿ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ದೂರದ ಪ್ರಯಾಣ ಇದೇ ಕೊನೆ, ಹೃದಯವೂ ಸೋಲುತ್ತಿದೆ, ಮುಂದಿನ ವರ್ಷ ಈ ಮಾತು ಎತ್ತಲೇಬೇಡಿ.

ರಾಯರು ಆ ದಿನ ನಮ್ಮ ಮನೆಗೆ ಬಂದು ಅರ್ಧ ಲೋಟ ಕಾಫಿ ಅಳೆದು ಕುಡಿದರು. "ಪಾರ್ಕು ಅರ್ಧದಲ್ಲೇ ಉಳೀತು" ಎಂದರು, ನಗುತ್ತಲೇ. ಆದರೆ ನಗು ಸರಿಯಾಗಿ ಬರಲಿಲ್ಲ. ಆ ಮನುಷ್ಯ ಕಾಯಿಲೆಯ ಬಗ್ಗೆ ಒಂದು ದಿನವೂ ಗೊಣಗಿದವರಲ್ಲ.

ಜೊತೆಗೆ ಬಂದಿದ್ದ ಅಕ್ಕ ನಮ್ಮ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದರು. "ಶನಿವಾರ ಕುರ್ಚಿ ಆದ್ರೆ ಮತ್ತೆ ಮಂಗಳವಾರವೇ. ಆದಿತ್ಯವಾರ ಹೋಗುವ. ಮಂಗಳವಾರ ವಾಪಸು. ನಡುವೆ ಸೋಮವಾರ ಒಂದು ದಿನ ಉಂಟು."

"ಒಂದು ದಿನದಲ್ಲಿ ಎಂತ ಆಗ್ತದೆ?" ಎಂದರು ರಾಯರು.

"ಎಲ್ಲವೂ ಓಡುದು. ನೀವು ಕಾರಲ್ಲಿ ಕೂತ್ಕೊಳ್ಳಿ. ಪ್ರತಿಯೊಂದು ದಾರಿಯ ಕೊನೆ ಮುಟ್ಟಿ ಬಂದು ನಿಮಗೆ ರಿಪೋರ್ಟ್ ಕೊಡ್ತೇನೆ."

"ಮೊದಲು ನಡೆದದ್ದು ಸಹ?"

"ಎಲ್ಲವೂ. ಹಳೇ ಪಟ ನೋಡಿ ಹೊಸ ರಿಪೋರ್ಟ್ ಬರೀಲಿಕ್ಕೆ ಆಗ್ತದಾ?"

ಗೊತ್ತಾಯಿತಲ್ಲ, ಒಂದೇ ದಿನ ಯಾಕೆ ಎಂದು? ರೆಕಾರ್ಡಿಗೆ ಅಲ್ಲ, ಸಾಧನೆಗೂ ಅಲ್ಲ. ಅವರ ಕೈಯಲ್ಲಿ ಇದ್ದದ್ದೇ ಒಂದು ದಿನ.

ಡ್ರೈವ್ ಮಾಡಲು ನಾನು ಮತ್ತು ನನ್ನ ಗಂಡ ಸತೀಶ ಹೋದೆವು. ಸತೀಶ ಮೈಸೂರಿನವನು, ಉಪಚಾರದ ಹುಚ್ಚ. ಮನೆಗೆ ಬಂದ ಪ್ಲಂಬರನಿಗೂ ಎರಡನೇ ಸಲ ಉಪ್ಪಿಟ್ಟು ಬಡಿಸುತ್ತಾನೆ. ನಮ್ಮ ವ್ಯಾನಿನ ಹಿಂದೆ ಅವನದೇ ಒಂದು ಐಸ್ ಪೆಟ್ಟಿಗೆ. ಅದರೊಳಗೆ ಏನು ತುಂಬಿದ್ದಾನೆ ಎಂದು ನಾನೂ ನೋಡಲಿಲ್ಲ, ಯಾರೂ ನೋಡಲಿಲ್ಲ.

ಸೋಮವಾರ ಬೆಳಕು ಹರಿಯುತ್ತಿದ್ದಂತೆ ಅಕ್ಕ ಶುರು ಮಾಡಿದರು. ತುಂಬುತೋಳಿನ ಬಿಳಿ ಕಾಟನ್ ಅಂಗಿ, ರಾಯರ ಹಳೆಯ ಟೊಪ್ಪಿ. ಪಾರ್ಕಿನ ಪೂರ್ವದ ಮೂಲೆಯಿಂದ ಓಟ. ಒಂದು ದಾರಿ ಮುಗಿಸಿ ಬಂದರೆ ವ್ಯಾನಿನಲ್ಲಿ ಹತ್ತಿಸಿಕೊಂಡು ಮುಂದಿನ ದಾರಿಯ ಬಾಯಿಗೆ ಬಿಡುವುದು ನಮ್ಮ ಕೆಲಸ. ಹತ್ತಿದೊಡನೆ ಅಕ್ಕ ಏದುಸಿರಿನಲ್ಲೇ ರಾಯರಿಗೆ ರಿಪೋರ್ಟು ಒಪ್ಪಿಸುವರು. ಥೇಟ್ ಸ್ಕ್ಯಾನಿನ ರಿಪೋರ್ಟು, ಮೊದಲು 'ನೋಡಿದ್ದು', ಕೊನೆಗೆ 'ಅಭಿಪ್ರಾಯ'.

"ನೋಡಿದ್ದು. ಎಡಬದಿಯಲ್ಲಿ ದೊಡ್ಡ ಬಂಡೆ, ಒಂದರ ಮೇಲೆ ಒಂದು. ಬಲಬದಿ ಮುಳ್ಳಿನ ಗಿಡ, ಹೂವು ಇಲ್ಲ. ಹಲ್ಲಿ ಒಂದು, ದಪ್ಪದ್ದು, ಹೆದರ್ಲಿಲ್ಲ. ಕೊನೆಯಲ್ಲಿ ಒಂದು ಬೋರ್ಡು, ಅದರ ಮೇಲೆ ಅಕ್ಷರ ಅಳಿಸಿಹೋಗಿದೆ. ಅಭಿಪ್ರಾಯ. ಹೋಗಬಹುದು, ಹೋಗದಿದ್ರೂ ನಷ್ಟ ಇಲ್ಲ."

ರಾಯರು ಕಣ್ಣು ಮುಚ್ಚಿಕೊಂಡು ಕೇಳುವರು. ಮಡಿಲಲ್ಲಿ ಪಾರ್ಕಿನ ನಕ್ಷೆ. ಬೆರಳು ಆ ದಾರಿಯ ಮೇಲೇ ಹರಿಯುತ್ತಿತ್ತು.

"ಬಂಡೆ ಯಾವ ಬಣ್ಣ?"

"ಹುರಿದ ಗೋಧಿ."

"ಗಾಳಿ?"

"ಮೇಲೆ ಉಂಟು, ಕೆಳಗೆ ಇಲ್ಲ."

"ಹ್ಞಾಂ, ಬಂತು ಬಂತು, ಕಾಣ್ತಾ ಉಂಟು ನನಗೆ."

ಸತೀಶ ಸುಮ್ಮನಿರಬೇಕಲ್ಲ. "ಅಕ್ಕ, ಸ್ವಲ್ಪ ಚೆನ್ನಾಗಿ ವರ್ಣನೆ ಮಾಡಿ. ಸೂರ್ಯೋದಯ, ಬಂಗಾರದ ಬೆಳಕು, ಹಾಗೆ."

"ಬಂಗಾರ ಕಾಣ್ಲಿಲ್ಲ" ಎಂದು ಅಕ್ಕ ಗಂಜಿ ಕುಡಿದು ಮತ್ತೆ ಇಳಿದರು.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಏರಿತು. ಹಿಂದಿನ ವರ್ಷ ಮಳೆಗೆ ಕೊಚ್ಚಿಹೋಗಿದ್ದ ಒಂದು ದಾರಿಯಲ್ಲಿ ಅಕ್ಕ ಜಾರಿ, ಅಂಗೈ ಸುಲಿದುಕೊಂಡು ಬಂದರು. ನಾನು ಬ್ಯಾಂಡೇಜು ಸುತ್ತುವಾಗ ರಾಯರು ಮೆಲ್ಲಗೆ, "ಸಾಕು ಮಾರಾಯ್ತಿ, ಇಷ್ಟು ಆಯ್ತಲ್ಲ, ನನಗೆ ತೃಪ್ತಿ ಆಯ್ತು" ಎಂದರು. ಅಕ್ಕ ಅವರ ಮುಖವನ್ನೇ ದಿಟ್ಟಿಸಿದರು. "ಆಗ್ಲಿಲ್ಲ ನಿಮಗೆ. ಸುಳ್ಳು ಹೇಳ್ಬೇಡಿ" ಎಂದು ಎದ್ದು ಹೋದರು. ನಿಜ. ರಾಯರ ಬೆರಳು ಆಗಲೇ ನಕ್ಷೆಯ ಮುಂದಿನ ದಾರಿಯ ಮೇಲಿತ್ತು.

ಸಂಜೆ ಇಳಿಯುವ ಹೊತ್ತಿಗೆ ಉಳಿದದ್ದು ಎರಡು. ಪಶ್ಚಿಮದ ಅಂಚಿನ ಒಂದು ಗುಡ್ಡದ ದಾರಿ, ಅದಾದ ಮೇಲೆ ನಡುವಿನ ಒರತೆಯ ದಾರಿ. ಒರತೆಯ ದಾರಿ ಚಿಕ್ಕದು, ಸಪಾಟು. ಮಕ್ಕಳು, ಮುದುಕರೂ ನಡೆಯುವಂಥದ್ದು. ಬೆಳಕು ಇನ್ನೂ ಸಾಕಷ್ಟಿತ್ತು. ಅಕ್ಕ ಗುಡ್ಡ ಹತ್ತಿದರು. ನಾವು ವ್ಯಾನನ್ನು ಒರತೆಯ ದಾರಿಯ ಬಾಯಿಗೆ ತಂದು ನಿಲ್ಲಿಸಿದೆವು. ಗುಡ್ಡದ ದಾರಿ ಇಳಿಯುವುದೂ ಅಲ್ಲಿಗೇ.

ನಾನು ರೆಸ್ಟ್‌ರೂಮಿಗೆ ಹೋಗಿ ಬಂದೆ, ಅಷ್ಟೇ. ಬರುವಷ್ಟರಲ್ಲಿ ರಾಯರ ಮುಖದಲ್ಲಿ ಏನೋ ಕಳೆ. ಸತೀಶನ ಮುಖದಲ್ಲಿ ಬಡಿಸಿದ ಸಂತೋಷ.

"ಏನ್ರೀ ಕೊಟ್ರಿ ಅವರಿಗೆ?"

"ಜ್ಯೂಸೇನೂ ಕೊಡ್ಲಿಲ್ಲಪ್ಪ, ನಂಗೊತ್ತಿಲ್ವಾ? ಪಾಪ, ಬೆಳಿಗ್ಗೆಯಿಂದ ತುಟಿ ಒಣಗಿಸ್ಕೊಂಡು ಕೂತಿದಾರೆ. ಎಳನೀರು ಕೊಟ್ಟೆ. ಅಕ್ಕನಿಗೆ ಅಂತ ತಂದಿದ್ದೆ, ಅವರು ಮುಟ್ಲೇ ಇಲ್ಲ. ಎರಡು ಪ್ಯಾಕು ಕುಡಿದ್ರು, ಎಷ್ಟು ಖುಷಿಯಾಯ್ತು ಗೊತ್ತಾ ಅವರಿಗೆ!"

"ಎಳನೀರಾ? ಅದರಲ್ಲಿ ಬಾಳೆಹಣ್ಣಿನಷ್ಟೇ ಪೊಟ್ಯಾಷಿಯಂ ಇರುತ್ತೆ ಕಣ್ರೀ!"

"ಎಳನೀರು ಕಣೇ. ಔಷಧಿ ಅದು. ಜ್ವರ ಬಂದ್ರೆ ಕೊಡಲ್ವಾ? ಆಸ್ಪತ್ರೆಗೆ ನೋಡೋಕೆ ಹೋದ್ರೆ ತಗೊಂಡ್ ಹೋಗಲ್ವಾ?"

ಇದನ್ನು ಓದುವ ನಿಮ್ಮಲ್ಲಿ ಎಷ್ಟು ಜನ ಸತೀಶನನ್ನು ಬೈಯುತ್ತೀರೋ ಬೈಯಿರಿ. ಆದರೆ ಎದೆ ಮುಟ್ಟಿಕೊಂಡು ಹೇಳಿ, ಕಾಯಿಲೆಯವರ ಮನೆಗೆ ಎಳನೀರು ಹೊತ್ತುಕೊಂಡು ಹೋಗದ ಕನ್ನಡದವರು ಯಾರಿದ್ದೀರಿ? ನಮ್ಮ ತಲೆಯಲ್ಲಿ ಅದು ಪಾನೀಯಗಳ ಸಾಲಿಗೇ ಸೇರುವುದಿಲ್ಲ.

ಸತೀಶನಿಗೆ ಗೊತ್ತಿರಲಿಲ್ಲ, ಸರಿ. ರಾಯರಿಗೆ ಗೊತ್ತಿತ್ತು. ಅವರತ್ತ ತಿರುಗಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಅವಳಿಗೆ ಹೇಳ್ಬೇಡಿ. ಇನ್ನು ಒಂದೇ ಉಂಟಲ್ಲ. ಅದು ಮುಗೀಲಿ" ಎಂದರು.

ಹೇಳುವುದೋ ಬಿಡುವುದೋ ಎಂದು ಯೋಚಿಸಲು ನನಗೆ ಸಮಯವೇ ಸಿಗಲಿಲ್ಲ. ಗುಡ್ಡದಿಂದ ಬಿಳಿ ಅಂಗಿ ಇಳಿದು ಬರುತ್ತಿತ್ತು. ಮುಖ ಕೆಂಪಾಗಿ ಬೆವರು ಸುರಿಯುತ್ತಿದ್ದರೂ ಅಕ್ಕ ನಗುತ್ತಿದ್ದರು. ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ವ್ಯಾನಿನ ಬಾಗಿಲಿಗೆ ಕೈಯಿಟ್ಟು, "ನೋಡಿದ್ದು" ಎಂದು ಬಾಯಿ ತೆರೆದವರು ಅಲ್ಲಿಗೇ ನಿಂತರು. ಸೀಟಿನ ಕೆಳಗೆ ಹಿಸುಕಿ ತಳ್ಳಿದ ಎರಡು ಖಾಲಿ ಪೊಟ್ಟಣಗಳು. ಎಲ್ಲ ಬಿಟ್ಟು ಅವರ ಕಣ್ಣು ಹೋದದ್ದು ಅಲ್ಲಿಗೆ.

"ಎಷ್ಟು ಹೊತ್ತಾಯ್ತು?"

ಸತೀಶ ಐಸ್ ಪೆಟ್ಟಿಗೆಯ ಮುಚ್ಚಳ ಮುಚ್ಚಿದ.

"ಸತೀಶ, ನಿಮ್ಮನ್ನೇ ಕೇಳುದು. ಎಷ್ಟು ಹೊತ್ತಾಯ್ತು?"

"ಈಗ... ಅರ್ಧ ಗಂಟೆ ಆಗಿರ್ಬೇಕು ಅಕ್ಕ. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ..."

"ಹತ್ತಿ. ಆಸ್ಪತ್ರೆಗೆ."

ರಾಯರಿಗೆ ಕೋಪ ಬಂದದ್ದನ್ನು ನಾನು ಅವತ್ತೇ ನೋಡಿದ್ದು. "ನನಗೆ ಎಂತದ್ದೂ ಆಗ್ಲಿಲ್ಲ! ಆರಾಮ ಇದ್ದೇನೆ. ನೋಡು, ಕಾಣ್ತಾ ಉಂಟು ಆ ದಾರಿ, ಇಲ್ಲಿಂದಲೇ ಕಾಣ್ತದೆ. ಹೋಗಿ ಬಾ. ನೀನು ಓಡಿದ್ರೆ ಎಷ್ಟು ಹೊತ್ತು?"

"ಪೊಟ್ಯಾಷಿಯಂ ಹೇಳಿ ಕೇಳಿ ಏರುದಿಲ್ಲ. ಇವತ್ತು ಸೋಮವಾರ. ಶನಿವಾರದಿಂದ ಸೇರಿಕೊಂಡದ್ದು ಮೈಯಲ್ಲೇ ಉಂಟು."

"ನಾನು ಎರಡು ವರ್ಷದಿಂದ ಚಮಚದಲ್ಲಿ ಅಳೆದು ಬದುಕ್ತಾ ಇದ್ದೇನೆ. ಒಂದು ದಿನ ಬಾಯಾರಿಕೆ ತೀರುವಷ್ಟು ಕುಡಿದೆ. ಅದಕ್ಕೆ ಇಡೀ ದಿನದ್ದನ್ನು ಹಾಳು ಮಾಡ್ತೀಯಾ? ಒಂದು ದಾರಿಗೆ?"

"ಹಾಳಾದ್ರೆ ಹಾಳಾಗ್ಲಿ. ಬೆಲ್ಟ್ ಹಾಕಿ."

ಅಕ್ಕ ಆ ದಾರಿಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ನೋಡಿದೆ. ನಾಲ್ಕು ಹೆಜ್ಜೆ ದೂರದಲ್ಲಿ ಬೋರ್ಡು, ಅದರಾಚೆ ನುಣುಪು ಮರಳಿನ ಹಾದಿ, ಟೊಪ್ಪಿ ಹಾಕಿಕೊಂಡು ಕುಣಿಯುತ್ತಾ ವಾಪಸ್ ಬರುತ್ತಿದ್ದ ಯಾರದೋ ಮಕ್ಕಳು. ಸಂಕಟವಾಯಿತು. "ಅಕ್ಕ, ನಾವು ಇವರನ್ನು ಕರ್ಕೊಂಡು ಹೋಗ್ತೀವಿ, ನೀವು ಓಡಿ ಮುಗಿಸಿ, ಆಮೇಲೆ ಬಂದು..." ಎಂದೆ.

"ನೀನು ಡಾಕ್ಟರಾ?"

ನಾನು ವ್ಯಾನ್ ಹತ್ತಿ ಕೂತೆ.

ದಾರಿಯುದ್ದಕ್ಕೂ ಅಕ್ಕ ರಾಯರ ಮಣಿಕಟ್ಟು ಹಿಡಿದು ಕೂತಿದ್ದರು. ರಾಯರು ಮುಖ ತಿರುಗಿಸಿಕೊಂಡಿದ್ದರು. ಸತೀಶ ಸ್ಟಿಯರಿಂಗ್ ಹಿಂದೆ ಸದ್ದಿಲ್ಲದೆ ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನನ್ನು ಬೈಯಬೇಕು ಎಂದು ನಾನು ಕೂಡಿಟ್ಟುಕೊಂಡಿದ್ದ ಮಾತೆಲ್ಲ ವ್ಯರ್ಥವಾಯಿತು.

ಹತ್ತಿರದ ಊರಿನ ಸಣ್ಣ ಆಸ್ಪತ್ರೆ. ಇಸಿಜಿ ಮಾಡಿದರು, ರಕ್ತ ತೆಗೆದರು, ಕಾಯಿಸಿದರು. ಕೊನೆಗೆ ಒಬ್ಬ ಎಳೆಯ ಡಾಕ್ಟರು ಬಂದು, ಸ್ವಲ್ಪ ಏರಿದೆ, ಭಯಪಡುವಂಥದ್ದಲ್ಲ, ಹೃದಯದ ಬಡಿತ ಸರಿಯಿದೆ, ನಾಳೆಯ ಡಯಾಲಿಸಿಸ್ ಮಾತ್ರ ತಪ್ಪಿಸಬೇಡಿ ಎಂದು ಹೇಳಿ ಹೋದ. ಸತೀಶ ಗೋಡೆಗೊರಗಿ ಎರಡೂ ಕೈಯೆತ್ತಿ ಮುಗಿದ.

ರಾಯರು ಹಾಸಿಗೆಯ ಮೇಲೆ ಎದ್ದು ಕೂತರು. "ಕಂಡಿತಾ? ಎಂತದ್ದೂ ಇಲ್ಲ. ನಾನು ಹೇಳ್ಲಿಲ್ವಾ? ಸುಮ್ಮನೆ ಬಿಟ್ಟು ಬಂದಾಯ್ತು."

ಅಕ್ಕ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೂಟಿನೊಳಗಿನ ಮರಳು ಕೊಡವುತ್ತಿದ್ದರು. ತಲೆಯೆತ್ತಲಿಲ್ಲ.

"ಎಂತದ್ದೂ ಇಲ್ಲ ಅಂತ ಗೊತ್ತಾಗ್ಲಿಕ್ಕೇ ನೋಡುದು. ನಾನು ಇಷ್ಟು ವರ್ಷ ಬರೆದ ರಿಪೋರ್ಟಲ್ಲಿ ಜಾಸ್ತಿ ಅದೇ. ಎಂತದ್ದೂ ಇಲ್ಲ, ಎಂತದ್ದೂ ಇಲ್ಲ. ಒಂದು ಸಲವೂ ಸುಮ್ಮನೆ ನೋಡಿದೆ ಅಂತ ನನಗೆ ಅನಿಸ್ಲಿಲ್ಲ."

ಮಂಡಿಯವನ ಮನೆಯಲ್ಲಿ ಅವರು ಮಧ್ಯಾಹ್ನವಿಡೀ ಯಾಕೆ ಕೂತಿದ್ದರು ಎಂದು ನನಗೆ ಆಗ ತಿಳಿಯಿತು. ತಡವಾಗಿ ತಿಳಿಯುತ್ತದೆ ನನಗೆ.

ಬೆಳಿಗ್ಗೆ ಎದ್ದು ಹೋಗಿ ಆ ಒಂದು ದಾರಿ ಮುಗಿಸಿ ಬರಬಹುದಿತ್ತಲ್ಲ ಎಂದು ಕೆಲವರು ಕೇಳುತ್ತೀರಿ. ಆಗುತ್ತಿರಲಿಲ್ಲ. ಆಸ್ಪತ್ರೆಯಿದ್ದ ಊರಿನಿಂದ ಪಾರ್ಕು ವಿರುದ್ಧ ದಿಕ್ಕು. ಮಂಗಳವಾರದ ಕುರ್ಚಿ ಕಾಯುವುದಿಲ್ಲ. ಆಮೇಲಾದರೂ ಹೋದರಾ? ಇಲ್ಲ. ಮುಂದಿನ ಚಳಿಗಾಲಕ್ಕೆ ರಾಯರು ಇರಲಿಲ್ಲ. ನಾನು ಎರಡು ಸಲ ಕರೆದೆ. ನಾನೇ ಡ್ರೈವ್ ಮಾಡುತ್ತೇನೆ, ಸತೀಶನನ್ನು ಮನೆಯಲ್ಲೇ ಬಿಟ್ಟು ಹೋಗೋಣ ಎಂದೆ. ಅಕ್ಕ ತಲೆಯಾಡಿಸಿದರು. "ಅದರ ರಿಪೋರ್ಟ್ ಬಂದಾಗಿದೆ ಮಾರಾಯ್ತಿ" ಎಂದರು.

ಆ ರಿಪೋರ್ಟು ಬಂದಾಗ ನಾನು ಅಲ್ಲೇ ಇದ್ದೆ.

ಮಂಗಳವಾರ ಬೆಳಿಗ್ಗೆ ಹೊರಟು ವಾಪಸ್ ಬರುತ್ತಿದ್ದೆವು. ಫ್ರೀವೇಯ ಎರಡೂ ಕಡೆ ಬಾದಾಮಿ ತೋಟಗಳಲ್ಲಿ ಹೂವು ಬಿಟ್ಟಿತ್ತು. ಸತೀಶ ಗಾಡಿ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಅವರಿಬ್ಬರೂ ಆಸ್ಪತ್ರೆ ಬಿಟ್ಟಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಬೇರೆ ಗಂಡಹೆಂಡಿರಾದರೆ ಮಾತಿಗೆಳೆಯಬಹುದು, ಇವರ ನಡುವೆ ಬಾಯಿ ಹಾಕುವ ಧೈರ್ಯ ನನಗೂ ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ರಾಯರೇ ಕೇಳಿದರು.

"ಒರತೆಯದ್ದು ಎಂತ ಹೇಳ್ತಿ ಈಗ?"

"ನೋಡದ್ದಕ್ಕೆ ರಿಪೋರ್ಟ್ ಇಲ್ಲ."

"ನಾನು ನೋಡಿದ್ದೇನೆ."

ಅಕ್ಕ ಸರಕ್ಕನೆ ತಿರುಗಿದ್ದು ನನಗೆ ಕನ್ನಡಿಯಲ್ಲಿ ಕಂಡಿತು. "ಯಾವಾಗ?"

"ಮೊದಲ ವರ್ಷ. ನಿನಗೆ ಡ್ಯೂಟಿ ಇತ್ತು, ಮೋಟೆಲಲ್ಲಿ ಕೂತು ಲ್ಯಾಪ್‌ಟಾಪಲ್ಲಿ ಸ್ಕ್ಯಾನ್ ನೋಡ್ತಾ ಇದ್ದಿ. ನಾನು ಬೆಳಿಗ್ಗೆ ವಾಕಿಂಗ್ ಅಂತ ಹೇಳಿ ಹೋದದ್ದು."

"ಒಂದು ಮಾತು ಹೇಳ್ಲಿಲ್ಲ ನೀವು!"

"ಹೇಳಿದ್ರೆ ಬೈತಿದ್ದಿ. ನಡುವಿನದ್ದು ಕೊನೆಗೆ ಅಂತ ನಿನ್ನ ಕಾನೂನು ಅಲ್ವಾ?"

ಅಕ್ಕ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. "ಹೇಳಿ ಮತ್ತೆ" ಎಂದರು.

ರಾಯರು ಗಂಟಲು ಸರಿಮಾಡಿಕೊಂಡರು. "ನೋಡಿದ್ದು. ಸುರುವಿಗೆ ಮರಳು. ಎರಡೂ ಬದಿ ಕಲ್ಲಿನ ಗೋಡೆ. ನಡೀತಾ ಇದ್ದ ಹಾಗೆ ಗೋಡೆ ಹತ್ತಿರ ಬರ್ತದೆ, ನೆರಳು ಬರ್ತದೆ. ಒಂದು ತಿರುವು. ತಿರುಗಿದ ಕೂಡ್ಲೇ ಹಸಿರು. ತಾಳೆಮರ. ನಮ್ಮ ಊರಿನ ಹಾಗೆ ಅಲ್ಲ, ಒಣಗಿದ ಗರಿ ಎಲ್ಲ ಹಾಗೇ ಕೆಳಗೆ ಇಳಿಬಿಟ್ಟಿದೆ, ಲಂಗದ ಹಾಗೆ. ಬುಡದಲ್ಲಿ ನೀರು. ಜಾಸ್ತಿ ಇಲ್ಲ, ಒಂದು ಹಂಡೆ ತುಂಬುವಷ್ಟು. ಕಪ್ಪೆ ಒಂದು."

"ಮರುಭೂಮಿಯಲ್ಲಿ ಕಪ್ಪೆಯಾ?"

"ಕೂಗು ಕೇಳಿದ್ದು."

"ಕಂಡಿತಾ?"

"ಕಾಣ್ಲಿಲ್ಲ."

"ಹಾಗಾದ್ರೆ ಕೇಳಿದ್ದು ಅಂತ ಹೇಳ್ಬೇಕು, ನೋಡಿದ್ದು ಅಂತ ಅಲ್ಲ."

"ಆಯ್ತು ಮಾರಾಯ್ತಿ. ಕೇಳಿದ್ದು, ಕಪ್ಪೆ."

ಸತೀಶ ಕಿಸಕ್ಕನೆ ನಕ್ಕ. ನಾನು ಅವನ ತೊಡೆ ಚಿವುಟಿದೆ. ಅಕ್ಕ ಕಣ್ಣು ತೆರೆಯದೆಯೇ ಕೇಳಿದರು.

"ನೀರು ತಣ್ಣಗೆ ಇತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ಸಿಕ್ಕಿದ್ದೆಲ್ಲ ಮುಟ್ಟುವ ಮನುಷ್ಯ ನೀವು. ಅಲ್ಲಿವರೆಗೆ ಹೋಗಿ ಕೈ ಹಾಕ್ಲಿಲ್ವಾ?"

"ಹಾಕ್ಲಿಲ್ಲ" ಎಂದರು ರಾಯರು. "ನೀನು ಬಂದಾಗ ಒಟ್ಟಿಗೆ ಹಾಕುವ ಅಂತ ಬಿಟ್ಟೆ."

ಸತೀಶ ನಾವು ಇಳಿಯಬೇಕಿದ್ದ ಎಕ್ಸಿಟ್ಟನ್ನು ಗಮನಿಸದೆ ದಾಟಿಸಿ ಮುಂದೆ ಹೋದ. ಮುಂದಿನದರಲ್ಲಿ ಇಳಿಯಲು ನಾನು ಬೆರಳು ತೋರಿಸಿದೆ.